ಪಾದಕ್ಕೂ ಗೇರ್ ಬಾಕ್ಸಿಗೂ ನಡುವಿನ ಸರಳು

ಯಂತ್ರದ ವಿಷಯವನ್ನು ಧರ್ಮಗುರುವೊಬ್ಬರು ಈ ಅಂಕಣದಲ್ಲಿ ಬರೆಯುವುದೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಗರದ ಧರ್ಮಕೇಂದ್ರವೊಂದರ ವಿಗಾರರ ಕೈ ಜಪಸರವನ್ನು ಬಿಟ್ಟರೆ ಅತಿ ಹೆಚ್ಚು ಹೊತ್ತು ಹಿಡಿದಿರುವುದು ಮೋಟಾರ್ ಸೈಕಲಿನ ಹ್ಯಾಂಡಲನ್ನೇ. ನಮ್ಮ ಕುಟುಂಬಗಳಲ್ಲಿಯೂ ಬೈಕ್ ಇಲ್ಲದ ಅಂಗಳ ಅಪರೂಪ. ಆದುದರಿಂದ ಈ ವಿಷಯ ನಮ್ಮೆಲ್ಲರ ಮನೆಬಾಗಿಲಿನದೇ ಆಗಿದೆ.

ಕಳೆದ ಜುಲೈ ತಿಂಗಳ ಒಂದು ರಾತ್ರಿ, ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬರನ್ನು ಕಾಣಲು ಬಾವುಟಗುಡ್ಡೆಯಿಂದ ಹಂಪನಕಟ್ಟೆಯ ಕಡೆಗೆ ಇಳಿಯುತ್ತಿದ್ದೆ. ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ಇಳಿಜಾರಿನಲ್ಲಿ ಮೂರನೆಯ ಗೇರಿನಿಂದ ಎರಡನೆಯದಕ್ಕೆ ಬರಲು ಲಿವರನ್ನು ಒತ್ತಿದೆ. ಗೇರ್ ಬೀಳಲಿಲ್ಲ. ಮೂರಕ್ಕೂ ಎರಡಕ್ಕೂ ನಡುವೆ ಎಲ್ಲಿಯೋ ಸಿಲುಕಿ, ಇಂಜಿನ್ ಬರಿದೇ ಗುಂಯ್ಗುಟ್ಟಿತು. ಗಾಡಿಯನ್ನು ಹಿಂದಕ್ಕೆ ಹಿಡಿದಿಡುತ್ತಿದ್ದ ಇಂಜಿನಿನ ತಡೆ ಒಮ್ಮೆಲೇ ಇಲ್ಲವಾಯಿತು. ಅದೇ ಕ್ಷಣದಲ್ಲಿ ಕೊಡೆಯಡಿ ಮಗುವಿನ ಕೈಹಿಡಿದು ತಾಯಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಎರಡೂ ಬ್ರೇಕುಗಳನ್ನು ಹಿಡಿದು, ಜಾರುತ್ತ ಜಾರುತ್ತ ಅವರಿಂದ ಎರಡು ಮಾರು ದೂರದಲ್ಲಿ ನಿಂತೆ. ಆ ತಾಯಿ ನನ್ನನ್ನು ಬೈಯಲಿಲ್ಲ. ಮಗುವನ್ನು ಅಪ್ಪಿಕೊಂಡು ಒಮ್ಮೆ ನೋಡಿದಳು, ಅಷ್ಟೇ. ಆ ನೋಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಗಾಡಿಯನ್ನು ತೋರಿಸಿದಲ್ಲಿ, ಗೇರ್ ಬಾಕ್ಸ್ ಬಿಚ್ಚಲೇಬೇಕೆಂದು ಹೇಳಿ, ನನ್ನ ತಿಂಗಳ ಖರ್ಚಿಗೂ ಮೀರಿದ ಮೊತ್ತವೊಂದನ್ನು ಸೂಚಿಸಿದರು. ಒಪ್ಪಿಕೊಳ್ಳುವುದರಲ್ಲಿದ್ದೆ. ವಯಸ್ಸಾಯಿತು, ಕಾಲಿನ ಬಲ ಕುಂದಿತು ಎಂಬ ಸಂಶಯವೂ ಒಳಗೊಳಗೇ ಇತ್ತು. ಆಗ ನಮ್ಮ ವಾರ್ಡಿನ ಹಿರಿಯ ಮೆಕ್ಯಾನಿಕರೊಬ್ಬರು, "ಬಾಕ್ಸ್ ಬಿಚ್ಚುವುದು ಆಮೇಲೆ ಫಾದರ್. ಮೊದಲು ನೀವು ಗಾಡಿ ಮೇಲೆ ಕೂತು ಕಾಲಿಡಿ, ನೋಡುವ" ಎಂದರು. ಕುಳಿತೆ. ಅವರು ನನ್ನ ಕಾಲನ್ನು ನೋಡಿ ನಕ್ಕರು. "ಚಪ್ಪಲಿಗೆ ಸೆಟ್ ಮಾಡಿದ ಲಿವರ್ ಇದು. ಮಳೆಗೆ ನೀವು ಗಮ್‌ಬೂಟ್ ಹಾಕಿದ್ದೀರಿ."

ವಿಷಯ ಇಷ್ಟೇ ಆಗಿತ್ತು. ಲಿವರ್ ತೀರ ಕೆಳಗಿತ್ತು. ಗಮ್‌ಬೂಟಿನ ಗಟ್ಟಿ ರಬ್ಬರು ಕಾಲಿನ ಮಣಿಗಂಟನ್ನು ಅಷ್ಟು ಕೆಳಕ್ಕೆ ಬಾಗಗೊಡುತ್ತಿರಲಿಲ್ಲ. ಇದರೊಡನೆ ಲಿವರನ್ನೂ ಗೇರ್ ಬಾಕ್ಸಿನ ಶಾಫ್ಟನ್ನೂ ಜೋಡಿಸುವ ಲಿಂಕ್ ರಾಡಿನ ಕೀಲುಗಳು ಕೆಸರು ಕುಡಿದು ಸವೆದು ಸಡಿಲಗೊಂಡಿದ್ದವು. ಪಾದದ ಚಲನೆಯ ಒಂದು ಪಾಲನ್ನು ಆ ಸಡಿಲವೇ ನುಂಗುತ್ತಿತ್ತು. ಉಳಿದ ಪಾಲು ಒಳಗಿನ ಗೇರುಗಳ ಹಲ್ಲುಗಳನ್ನು ಪೂರ್ತಿಯಾಗಿ ಕೂಡಿಸಲು ಸಾಲುತ್ತಿರಲಿಲ್ಲ. ಅರ್ಧ ಕೂಡಿದ ಹಲ್ಲು ಜಾರಿದಾಗ ಉಂಟಾಗುವುದೇ ಸವಾರರು 'ಫಾಲ್ಸ್ ನ್ಯೂಟ್ರಲ್' ಎನ್ನುವ ಆ ಅಪಾಯ.

ಅವರು ಮಾಡಿದ ಕೆಲಸವನ್ನು ಯಾವ ಗೃಹಸ್ಥನೂ ತನ್ನ ಅಂಗಳದಲ್ಲಿ ಮಾಡಬಹುದು. ತಣಿದ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರಾಡಿನ ಕೆಸರನ್ನು ಒರೆಸಿ, ಕೀಲುಗಳನ್ನು ಕೈಯಿಂದ ಅಲುಗಿಸಿ ನೋಡಬೇಕು. ಸವೆದ ಕೀಲನ್ನು ಬದಲಿಸದೆ ರಾಡನ್ನು ಎಷ್ಟು ಹೊಂದಿಸಿದರೂ ಫಲವಿಲ್ಲ. ಅನಂತರ ಎರಡೂ ತುದಿಗಳ ಲಾಕ್ ನಟ್ಟುಗಳನ್ನು ಸಡಿಲಿಸಬೇಕು. ಸಾಮಾನ್ಯವಾಗಿ ಒಂದು ತುದಿಯ ಮರೆ ಎಡತಿರುವಿನದಾಗಿರುತ್ತದೆ. ಆ ನಟ್ಟು ವಿರುದ್ಧ ದಿಕ್ಕಿನಲ್ಲಿ ಬಿಚ್ಚಿಕೊಳ್ಳುವುದರಿಂದ ಬಲಪ್ರಯೋಗ ಸಲ್ಲದು. ಈಗ ರಾಡನ್ನೇ ಅರ್ಧರ್ಧ ಸುತ್ತು ತಿರುಗಿಸಿದರೆ ಅದರ ಉದ್ದ ಹೆಚ್ಚು ಕಡಿಮೆಯಾಗಿ ಲಿವರ್ ಏರುತ್ತದೆ ಅಥವಾ ಇಳಿಯುತ್ತದೆ. ಎರಡೂ ತುದಿಗಳಲ್ಲಿ ಮರೆ ಸಾಕಷ್ಟು ಒಳಗೆ ಉಳಿದಿರಬೇಕು. ರಾಡು ಶಾಫ್ಟಿನ ತೋಳಿಗೆ ಸುಮಾರು ಲಂಬಕೋನದಲ್ಲಿದ್ದರೆ ಎಳೆತ ಪೂರ್ಣವಾಗಿ ಒಳಗೆ ತಲುಪುತ್ತದೆ. ನಟ್ಟುಗಳನ್ನು ಬಿಗಿದ ಮೇಲೆ ಇಂಜಿನ್ ಚಾಲೂ ಮಾಡದೆ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಎಲ್ಲ ಗೇರುಗಳನ್ನೂ ಮೇಲಕ್ಕೂ ಕೆಳಕ್ಕೂ ಹಾಕಿ ನೋಡಬೇಕು. ಕ್ಲಚ್ ಕೇಬಲಿನ ಸಡಿಲವನ್ನೂ ಪರೀಕ್ಷಿಸಬೇಕು, ಏಕೆಂದರೆ ಪೂರ್ತಿ ಬಿಡದ ಕ್ಲಚ್ಚೂ ಗೇರನ್ನು ಗಡುಸಾಗಿಸುತ್ತದೆ. ಇಷ್ಟಾದರೂ ಗೇರ್ ಜಾರುತ್ತಿದ್ದರೆ ಮಾತ್ರ ಬಾಕ್ಸನ್ನು ಬಿಚ್ಚುವ ಮಾತು.

ಎಲ್ಲ ಬೈಕುಗಳಲ್ಲಿಯೂ ಈ ರಾಡು ಇರುವುದಿಲ್ಲ. ಅನೇಕ ಗಾಡಿಗಳಲ್ಲಿ ಲಿವರ್ ನೇರವಾಗಿ ಶಾಫ್ಟಿನ ಹಲ್ಲುಗಳ ಮೇಲೆಯೇ ಕುಳಿತಿರುತ್ತದೆ. ಅಲ್ಲಿ ಬೋಲ್ಟನ್ನು ಪೂರ್ತಿ ಹೊರತೆಗೆದು, ಲಿವರನ್ನು ಕಳಚಿ, ಒಂದು ಹಲ್ಲು ಸರಿಸಿ ಕೂರಿಸಬೇಕು. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲಿ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಕಿಕ್ಕರ್ ಕೂಡ ಗೇರ್ ಲಿವರೇ ಆಗಿತ್ತು. ಒಂದೇ ಲಿವರನ್ನು ಹಿಂದಕ್ಕೆ ಮಡಚಿ ಒದ್ದರೆ ಇಂಜಿನ್ ಚಾಲೂ, ಮುಂದಕ್ಕೆ ತಂದರೆ ಗೇರ್! ಅಂದಿನ ಯುವಕರು, ಇಂದಿನ ಅಜ್ಜಂದಿರು, ಅದನ್ನು ಮರೆತಿರಲಾರರು. ಹಳೆಯ ಬುಲೆಟ್ ಓಡಿಸಿದವರಿಗಾದರೋ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. 1974ರ ಸೆಪ್ಟೆಂಬರಿನಿಂದ ತನ್ನ ದೇಶದಲ್ಲಿ ಮಾರಾಟವಾಗುವ ಹೊಸ ಬೈಕುಗಳ ಗೇರ್ ಎಡಗಾಲಿಗೇ ಇರಬೇಕೆಂದು ಅಮೆರಿಕ ವಿಧಿಸಿತು. ಆಗ ಬಲಗಡೆ ಗೇರ್ ಇದ್ದ ಕೆಲವು ಕಂಪೆನಿಗಳು ಬಾಕ್ಸನ್ನು ಬದಲಿಸದೆ, ಅಡ್ಡ ಶಾಫ್ಟು, ಸರಳುಗಳ ಮೂಲಕ ಚಲನೆಯನ್ನು ಬಲದಿಂದ ಎಡಕ್ಕೆ ಸಾಗಿಸಿದವು. ನಡುವೆ ಕೀಲುಗಳು ಹೆಚ್ಚಿದಷ್ಟೂ ಸಡಿಲವೂ ಹೆಚ್ಚುತ್ತದೆ. ಹೊಂದಾಣಿಕೆಯ ಅಗತ್ಯವೂ ಹೆಚ್ಚುತ್ತದೆ.

ಸೆಮಿನರಿಯಲ್ಲಿ ನಾವು ಮುಖ್ಯ ಕಾರಣ, ಉಪಕರಣ ಕಾರಣಗಳ ಭೇದವನ್ನು ಅಭ್ಯಸಿಸಿದ್ದೆವು. ಬಡಗಿಯ ಕೈಯಲ್ಲಿನ ಕೊಡಲಿಯನ್ನು ಸಂತ ತೋಮಸ್ ಅಕ್ವಿನಾಸರು ಉದಾಹರಿಸುತ್ತಾರೆ. ಕೊಡಲಿ ಮೊಂಡಾದರೆ ಬಡಗಿಯ ಕೌಶಲ ಮರವನ್ನು ತಲುಪುವುದಿಲ್ಲ. ಹಾಗೆಂದು ಬಡಗಿಯೂ ದೋಷಿಯಲ್ಲ, ಮರವೂ ದೋಷಿಯಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಗಳಿಸಿದ್ದ ನಾನು, ನನ್ನ ಪಾದವನ್ನು ಸಂಶಯಿಸಿದೆ, ಗೇರ್ ಬಾಕ್ಸನ್ನು ಸಂಶಯಿಸಿದೆ. ಇವೆರಡರ ನಡುವಿನ ಗೇಣುದ್ದದ ಸರಳನ್ನು ಮಾತ್ರ ಬಗ್ಗಿ ನೋಡಲಿಲ್ಲ. ನೋಡದೆ ಓಡಿಸಿದ ನನ್ನ ಉದಾಸೀನಕ್ಕೆ ಬೆಲೆ ತೆರಬೇಕಾಗಿ ಬರುತ್ತಿದ್ದವರು ಆ ತಾಯಿ ಮತ್ತು ಮಗು.

ಬರುವ ಆದಿತ್ಯವಾರ ಪೂಜೆ ಮುಗಿಸಿ ಮನೆ ತಲುಪಿದ ಮೇಲೆ, ನಿಮ್ಮ ಮಗನನ್ನೋ ಮಗಳನ್ನೋ ಅವರು ದಿನವೂ ಧರಿಸುವ ಪಾದರಕ್ಷೆಯಲ್ಲಿಯೇ ಬೈಕಿನ ಮೇಲೆ ಕೂರಿಸಿರಿ. ಪಾದವನ್ನು ಫುಟ್‌ರೆಸ್ಟಿನಲ್ಲಿಯೇ ಇಟ್ಟುಕೊಂಡು ಲಿವರನ್ನು ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಒಯ್ಯಬಲ್ಲರೇ ಎಂದು ನೋಡಿರಿ. ಅಗತ್ಯವಿದ್ದರೆ ಸ್ಪ್ಯಾನರನ್ನು ಅವರ ಕೈಗೇ ಕೊಡಿರಿ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಮಳೆಗಾಲ ಆರಂಭವಾಗಿ ಪಾದರಕ್ಷೆ ಬದಲಾದಾಗ ಇನ್ನೊಮ್ಮೆ ನೋಡಲು ಮರೆಯದಿರಿ.