ಕಾಣದ ಕೆಲಸವನ್ನು ಗೋಡೆಗೆ ಅಂಟಿಸಿ



ನಿಮ್ಮ ಶಾಲೆಯ ದಾರಿಯಲ್ಲಿ ಯಾರೋ ಮನೆ ಕಟ್ಟುತ್ತಿದ್ದಾರೆ ಅಂದುಕೊಳ್ಳಿ. ಪಾಯ ಆಯಿತು, ಗೋಡೆ ಎದ್ದಿತು, ಚಾವಣಿ ಬಾಕಿ ಇದೆ ಎಂದು ಯಾರೂ ಹೇಳದೆಯೇ ನಿಮಗೆ ಗೊತ್ತಾಗುತ್ತದೆ. ಈಗ ಒಂದು ಮೊಬೈಲ್ ಆ್ಯಪ್ ತಯಾರಾಗುವ ಕೋಣೆಯನ್ನು ಊಹಿಸಿಕೊಳ್ಳಿ. ಹತ್ತು ಜನ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಕೆಲಸ ಅರ್ಧ ಆಗಿದೆಯೋ, ಕಾಲು ಭಾಗ ಆಗಿದೆಯೋ? ನೋಡಿದರೆ ಗೊತ್ತಾಗೋದೇ ಇಲ್ಲ.

ಈ ತೊಂದರೆಯನ್ನು ಚೆನ್ನಾಗಿ ಕಂಡವರು ಫ್ರೆಡ್ ಬ್ರೂಕ್ಸ್. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ದೊಡ್ಡ ಸಾಫ್ಟ್‌ವೇರ್ ಕೆಲಸವನ್ನು ಅವರು ನಡೆಸಿದರು. ಅದು ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಆ ಅನುಭವದಿಂದ 1975ರಲ್ಲಿ ಅವರು ಬರೆದ ಪುಸ್ತಕದ ಮಾತೊಂದು ಇಂದಿಗೂ ಪ್ರಸಿದ್ಧ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಯಾಕೆ? ಹೊಸಬರಿಗೆ ಎಲ್ಲವನ್ನೂ ಹೇಳಿಕೊಡಬೇಕು. ಮಾತುಕತೆಯೂ ಬೆಳೆಯುತ್ತದೆ. ನಾಲ್ಕು ಜನರಿದ್ದರೆ ಇಬ್ಬಿಬ್ಬರ ಜೋಡಿ 6. ಎಂಟು ಜನರಾದರೆ 28! ನೀವೇ ಎಣಿಸಿ ನೋಡಿ. ಸಾಫ್ಟ್‌ವೇರ್ ಕಣ್ಣಿಗೆ ಕಾಣದ ವಸ್ತು, ಅದೇ ಅದರ ಮೂಲ ಕಷ್ಟಗಳಲ್ಲಿ ಒಂದು ಎಂದೂ ಬ್ರೂಕ್ಸ್ 1986ರಲ್ಲಿ ಬರೆದರು.

ಹಾಗಾದರೆ ಕಾಣದ್ದನ್ನು ಕಾಣುವಂತೆ ಮಾಡುವುದು ಹೇಗೆ? ಇದಕ್ಕೊಂದು ಉಪಾಯ ಬಂದದ್ದು ಕಾರಿನ ಕಾರ್ಖಾನೆಯಿಂದ. ಜಪಾನಿನ ಟೊಯೋಟಾದಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಇದ್ದರು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಪದ್ಧತಿ ಅವರಿಗೆ ಹಿಡಿಸಿತು. ಅಲ್ಲಿ ಕಪಾಟಿನಿಂದ ಗಿರಾಕಿ ಎಷ್ಟು ತೆಗೆದನೋ ಅಷ್ಟನ್ನೇ ಮತ್ತೆ ತುಂಬುತ್ತಾರೆ. ಓನೋ ಬಿಡಿಭಾಗಗಳ ಪೆಟ್ಟಿಗೆಗೆ ಒಂದು ಕಾರ್ಡ್ ಇಡಿಸಿದರು. ಭಾಗಗಳು ಬಳಕೆಯಾದಾಗ ಕಾರ್ಡ್ ಹಿಂದಕ್ಕೆ ಹೋಗುತ್ತದೆ. ಕಾರ್ಡ್ ಬಂದರೆ ಮಾತ್ರ ಹೊಸ ಭಾಗ ತಯಾರಿ, ಇಲ್ಲದಿದ್ದರೆ ಇಲ್ಲ. ಇದೇ ಕಾನ್‌ಬಾನ್. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಫಲಕ ಎಂಬ ಅರ್ಥವಿದೆ. 2000ದ ನಂತರ ಸಾಫ್ಟ್‌ವೇರ್ ತಂಡಗಳೂ ಈ ಹೆಸರನ್ನು, ಈ ವಿಚಾರವನ್ನು ತಮ್ಮದಾಗಿಸಿಕೊಂಡವು. ಇಂದು ಅನೇಕ ತಂಡಗಳ ಗೋಡೆಯಲ್ಲಿ ಅಥವಾ ಪರದೆಯಲ್ಲಿ ಇಂಥ ಫಲಕ ಇರುತ್ತದೆ.

ಇದನ್ನು ನೀವೂ ಮಾಡಬಹುದು. ವಿಜ್ಞಾನ ಮೇಳಕ್ಕೆ ನಿಮ್ಮ ಗುಂಪು ಸ್ಕ್ರಾಚ್‌ನಲ್ಲಿ ಕನ್ನಡ ಕ್ವಿಜ್ ಮಾಡುತ್ತಿದೆ ಎನ್ನಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಕಂಬಸಾಲು ಎಳೆಯಿರಿ: ‘ಮಾಡಬೇಕು’, ‘ಮಾಡ್ತಾ ಇದ್ದೇವೆ’, ‘ಮುಗಿಯಿತು’. ಒಂದು ಚೀಟಿಗೆ ಒಂದೇ ಕೆಲಸ. ‘ಕ್ವಿಜ್’ ಎಂದು ಬರೆದರೆ ಏನೂ ತಿಳಿಯದು. ‘ಸಸ್ಯಗಳ ಬಗ್ಗೆ ಹತ್ತು ಪ್ರಶ್ನೆ ಬರೆಯುವುದು’ ಎಂದರೆ ತಿಳಿಯುತ್ತದೆ. ಕೆಳಗೆ ಮಾಡುವವರ ಹೆಸರು ಇರಲಿ. ಎರಡು ಮೀಟರ್ ದೂರದಿಂದ ಓದುವಷ್ಟು ದೊಡ್ಡ ಅಕ್ಷರ ಬೇಕು. ನಿಂತುಹೋದ ಕೆಲಸಕ್ಕೆ ಕೆಂಪು ಬಣ್ಣ ಹಚ್ಚುವುದಾದರೆ ಜೊತೆಗೆ ದೊಡ್ಡದೊಂದು × ಗುರುತೂ ಹಾಕಿ. ಕೆಂಪು–ಹಸಿರು ವ್ಯತ್ಯಾಸ ಕಾಣದ ಕಣ್ಣುಗಳೂ ಇರುತ್ತವೆ, ಅಲ್ವಾ?

ಒಂದು ಮುಖ್ಯ ನಿಯಮ ಇದೆ. ನಡುವಿನ ಸಾಲಿನಲ್ಲಿ ಒಬ್ಬರಿಗೆ ಒಂದೇ ಚೀಟಿ. ಇದೇನು ಕಟ್ಟುಪಾಡು ಅನ್ನಬೇಡಿ, ಲೆಕ್ಕ ಮಾಡಿ. ನಿಮ್ಮ ಹತ್ತಿರ ಮೂರು ಕೆಲಸ ಇವೆ, ಒಂದೊಂದಕ್ಕೆ ಎರಡು ದಿನ ಬೇಕು. ಒಂದನ್ನು ಮುಗಿಸಿ ಮತ್ತೊಂದಕ್ಕೆ ಹೋದರೆ ಅವು 2, 4, 6ನೇ ದಿನ ಮುಗಿಯುತ್ತವೆ. ದಿನಕ್ಕೊಂದರಂತೆ ಮೂರನ್ನೂ ಸುತ್ತು ಹಾಕಿದರೆ 4, 5, 6ನೇ ದಿನ. ದುಡಿಮೆ ಎರಡರಲ್ಲೂ ಒಂದೇ. ಆದರೆ ಮೊದಲ ಕ್ರಮದಲ್ಲಿ ಎರಡನೇ ದಿನವೇ ಒಂದು ಭಾಗ ಕೈಗೆ ಸಿಕ್ಕಿತು. ಅದನ್ನು ಗೆಳೆಯರಿಗೆ ತೋರಿಸಿ ತಪ್ಪು ತಿದ್ದಿಕೊಳ್ಳಲು ಸಮಯವೂ ಉಳಿಯಿತು.

ಇದಕ್ಕೆ ಗಣಿತದ ಆಧಾರವೂ ಇದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಒಂದು ನಿಯಮಕ್ಕೆ ಸಾಧನೆ ಕೊಟ್ಟರು. ನಮ್ಮ ಫಲಕಕ್ಕೆ ಅದನ್ನು ಹೀಗೆ ಹೇಳಬಹುದು: ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ = ಕೈಯಲ್ಲಿರುವ ಕೆಲಸಗಳು ÷ ವಾರಕ್ಕೆ ಮುಗಿಯುವ ಕೆಲಸಗಳು. ಕೈಯಲ್ಲಿ 12 ಇದ್ದು ವಾರಕ್ಕೆ 3 ಮುಗಿದರೆ, ಒಂದೊಂದಕ್ಕೆ ಸರಾಸರಿ 4 ವಾರ. ಅದೇ ವೇಗದಲ್ಲಿ ಕೈಯಲ್ಲಿ 6 ಮಾತ್ರ ಇಟ್ಟುಕೊಂಡರೆ 2 ವಾರ.

ದಿನಾ ಬೆಳಿಗ್ಗೆ ಫಲಕದ ಮುಂದೆ ಎರಡು ನಿಮಿಷ ಎಲ್ಲರೂ ನಿಲ್ಲಿ. ಯಾವ ಚೀಟಿ ಸರಿದಿದೆ, ಯಾವುದು ನಿಂತಿದೆ ನೋಡಿ. “ಆಗ್ತಾ ಇದೆ ಸಾರ್” ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಗುಂಪು ಕೆಲಸದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ನಿಮಗೇ ಗೊತ್ತು. ಮೇಳದ ಹಿಂದಿನ ರಾತ್ರಿ ಒಬ್ಬಳೇ ಕೂತು ಎಲ್ಲವನ್ನೂ ಮುಗಿಸುತ್ತಾಳೆ. ಇನ್ನೊಬ್ಬ ತನಗೆ ತಿಳಿಯದ್ದನ್ನು ಕೇಳಲು ನಾಚಿಕೊಂಡು ಸುಮ್ಮನಿರುತ್ತಾನೆ. ಫಲಕ ಇಬ್ಬರ ಕಷ್ಟವನ್ನೂ ಮೊದಲ ವಾರದಲ್ಲೇ ತೋರಿಸುತ್ತದೆ: ಒಂದೇ ಹೆಸರಿನ ಚೀಟಿಗಳು ಹೆಚ್ಚಾಗುತ್ತವೆ, ಒಂದು ಚೀಟಿ ಮೂರು ದಿನವಾದರೂ ಅಲ್ಲಾಡುವುದಿಲ್ಲ. ಆಗ “ಯಾಕೆ ಮಾಡಿಲ್ಲ?” ಅನ್ನಬೇಡಿ. “ಎಲ್ಲಿ ಸಿಕ್ಕಿಕೊಂಡಿದೆ?” ಎಂದು ಕೇಳಿ, ಪಕ್ಕದಲ್ಲಿ ಕೂತು ಕೈಜೋಡಿಸಿ.