ಮಡ್ಡಿ ನೆಲದ ದ್ರಾಕ್ಷಾರಸ

ಸೊಲ್ಲಾಪುರ ಜಿಲ್ಲೆ ಜೋಳಕ್ಕೆ, ಚಾದರಕ್ಕೆ, ದಾಳಿಂಬೆಗೆ ಹೆಸರುವಾಸಿ. ದ್ರಾಕ್ಷಿಯಲ್ಲೂ ಅದರ ಪಾಲು ದೊಡ್ಡದು, ಆದರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸೋನಾಕಾ ಮತ್ತು ಶರದ್ ಸೀಡ್‌ಲೆಸ್ ಎಂಬ ಎರಡು ಹೆಸರಾಂತ ತಳಿಗಳು ಹುಟ್ಟಿದ್ದು ಈ ಜಿಲ್ಲೆಯ ನಾನ್ನಜ್ ಎಂಬ ಹಳ್ಳಿಯಲ್ಲಿ. ಇಟಲಿಯ ಹಳೆಯ ತಳಿ ಸ್ಯಾಂಜಿಯೊವೀಸೆ ಬೇರೂರಿ ವೈನ್ ಆಗುತ್ತಿರುವುದು ಜಿಲ್ಲೆಯ ಪಶ್ಚಿಮದ ಅಕ್ಲೂಜ್ ಸೀಮೆಯಲ್ಲಿ.

ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕಪ್ಪುಕಲ್ಲೇ ನೆಲದ ತಳಪಾಯ. ತಗ್ಗಿನಲ್ಲಿ ಎರೆ, ದಿಬ್ಬದಲ್ಲಿ ಗರಸು ಬೆರೆತ ಮಡ್ಡಿ. ಎರೆಯಲ್ಲಿ ಹಿಂಗಾರಿ ಜೋಳ ಬಂದರೆ, ನೀರು ನಿಲ್ಲದ ಮಡ್ಡಿಯಲ್ಲಿ ಬಳ್ಳಿ ಆರೋಗ್ಯವಾಗಿರುತ್ತದೆ. ನೀರಿನ ಚಿಂತೆ ಮಾತ್ರ ಹಳೆಯದು. 12ನೇ ಶತಮಾನದಲ್ಲಿ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ತೋಡಿಸಿ ಊರನ್ನು ಕಾಪಾಡಿದ. ಇಂದಿಗೂ ನಗರದ ನಡುವಿನ ಸಿದ್ಧೇಶ್ವರ ಕೆರೆ ಅವನ ನೆನಪು. ಈಗ ಆ ಹೊಣೆ ಭೀಮಾ ನದಿಯ ಉಜನಿ ಅಣೆಕಟ್ಟು, ನೀರಾ ಕಾಲುವೆ, ಕೊಳವೆಬಾವಿ ಮತ್ತು ಹನಿ ನೀರಾವರಿಯ ಮೇಲಿದೆ.

ದಖ್ಖನಿಗೆ ದ್ರಾಕ್ಷಿ ಹೊಸದಲ್ಲ. ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ ನಂತರ ಅಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ, ಆ ಊರಿನ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಬೆಳೆ ಕೊಡುತ್ತವೆ ಎಂದು ಬರೆದಿಟ್ಟ. ಭೋಕ್ರಿ, ಫಕಡಿ, ಪಂಢರಿ ಸಾಹೇಬಿಯಂತಹ ಬೀಜವಿರುವ ತಳಿಗಳು ಮಹಾರಾಷ್ಟ್ರದಲ್ಲಿ ಬಹುಕಾಲ ಬಾಳಿದವು. 1960ರ ದಶಕದಿಂದ ಥಾಮ್ಸನ್ ಸೀಡ್‌ಲೆಸ್ ಹರಡಿತು. ಬೀಜದ ಹಣ್ಣನ್ನು ಕೊಳ್ಳುವವರು ಕಡಿಮೆಯಾದರು, ಭೋಕ್ರಿ ತೋಟಗಳನ್ನು ಕಿತ್ತು ಹಾಕಲಾಯಿತು. ರೈತರ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನೂರಾರು ವರ್ಷ ಈ ಬಿಸಿಲಿಗೆ ಹೊಂದಿಕೊಂಡ ತಳಿಗಳು ಒಂದೇ ತಲೆಮಾರಿನಲ್ಲಿ ಹೊಲದಿಂದ ಮರೆಯಾದದ್ದು ದೊಡ್ಡ ನಷ್ಟ.

ಥಾಮ್ಸನ್ ಕೂಡ ಎಳೆಯ ತಳಿಯಲ್ಲ. ಸುಲ್ತಾನ, ಕಿಶ್‌ಮಿಶ್ ಎಂಬ ಹೆಸರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಶತಮಾನಗಳಿಂದ ಇದ್ದ ಬಳ್ಳಿಯೇ ಕ್ಯಾಲಿಫೋರ್ನಿಯಾ ಸುತ್ತಿ ಹೊಸ ಹೆಸರು ಹೊತ್ತು ಬಂತು. ಬೀಜವಿಲ್ಲದ ಕಾರಣ ಅದು ಕಡ್ಡಿಯಿಂದ ಕಡ್ಡಿಗೆ ಮಾತ್ರ ಬೆಳೆಯಬೇಕು. ಹಾಗೆ ಬೆಳೆಯುವಾಗ ಅಪರೂಪಕ್ಕೆ ಒಂದು ಕಣ್ಣು ದಾರಿ ಬದಲಿಸುತ್ತದೆ: ತೋಟವೆಲ್ಲ ದುಂಡು ಕಾಯಿ ಬಿಟ್ಟಿದ್ದರೆ ಒಂದೇ ಕೊಂಬೆಯಲ್ಲಿ ನೀಳ ಕಾಯಿಯ ಗೊಂಚಲು ತೂಗುತ್ತದೆ. ಅದನ್ನು ಗುರುತಿಸಿ, ಆ ಕಡ್ಡಿ ಕತ್ತರಿಸಿ, ಬೇರೆ ಬೇರಿಗೆ ಕಸಿ ಕಟ್ಟಿ, ಮುಂದಿನ ಬೆಳೆಗಳಲ್ಲೂ ಅದೇ ಗುಣ ಬರುತ್ತದೆಯೇ ಎಂದು ಕಾಯಬೇಕು. ಸೊಲ್ಲಾಪುರದಿಂದ ಉತ್ತರಕ್ಕೆ 20 ಕಿ.ಮೀ. ಆಸುಪಾಸಿನ ನಾನ್ನಜ್‌ನಲ್ಲಿ ರೈತ ನಾನಾಸಾಹೇಬ್ ಕಾಳೆ ಮಾಡಿದ್ದು ಇದನ್ನೇ. ಥಾಮ್ಸನ್‌ನಿಂದ ಅವರು ಆಯ್ದ ನೀಳ ಕಾಯಿಯ ತಳಿ ಸೋನಾಕಾ. ಕಿಶ್‌ಮಿಶ್ ಚೋರ್ನಿಯಿಂದ ಆಯ್ದ ಕಪ್ಪು ತಳಿ ಶರದ್ ಸೀಡ್‌ಲೆಸ್. ಎರೆಭೂತ ಹಕ್ಕಿಯ ಅಭಯಾರಣ್ಯಕ್ಕೆ ಹೆಸರಾದ ಈ ಊರಿಗೆ ತಳಿವಿಜ್ಞಾನದಲ್ಲೂ ಇರುವ ಸ್ಥಾನ ಇನ್ನಷ್ಟು ಜನರಿಗೆ ತಿಳಿಯಬೇಕು.

ಚಳಿ ದೇಶಗಳಲ್ಲಿ ಬಳ್ಳಿ ಹಿಮಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಸೊಲ್ಲಾಪುರದಲ್ಲಿ ಅದಕ್ಕೆ ಆ ವಿರಾಮವಿಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಸವರುವಿಕೆ. ಏಪ್ರಿಲ್ ಸುಮಾರಿಗೆ ಬಳ್ಳಿಯನ್ನು ಗಿಡ್ಡಗೆ ಸವರಿ ಹೊಸ ಕಡ್ಡಿ ಬರಿಸುತ್ತಾರೆ. ಮಳೆಗಾಲದ ಹೊತ್ತಿಗೆ ಆ ಕಡ್ಡಿ ಬಲಿಯುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎಣಿಸಿದಷ್ಟು ಕಣ್ಣು ಬಿಟ್ಟು ಮತ್ತೆ ಸವರಿ, ಕಣ್ಣುಗಳಿಗೆ ರಾಸಾಯನಿಕ ಲೇಪ ಹಚ್ಚಿ ಎಲ್ಲವೂ ಒಟ್ಟಿಗೆ ಒಡೆಯುವಂತೆ ಮಾಡುತ್ತಾರೆ. ಇಬ್ನ್ ಬತೂತಾ ಕಂಡ ಎರಡು ಬೆಳೆಯ ಜಾಗದಲ್ಲಿ ಈಗ ಎರಡು ಚಾಟ್ನಿ, ಒಂದೇ ಬೆಳೆ. ಉಪ್ಪುನೀರು ಮತ್ತು ಬರವನ್ನು ತಡೆಯಲು ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುವುದು ಈಗ ರೂಢಿ.

ವೈನ್ ಈ ಸೀಮೆಗೆ ತಡವಾಗಿ ಬಂತು. ಸೊಲ್ಲಾಪುರದಿಂದ ಸುಮಾರು 110 ಕಿ.ಮೀ. ದೂರದ ಅಕ್ಲೂಜ್ ಬಳಿ ಫ್ರಾತೆಲ್ಲಿ ಕಂಪನಿಯನ್ನು ಕಟ್ಟಿದವರು ಮೂರು ಜೋಡಿ ಅಣ್ಣತಮ್ಮಂದಿರು: ಅಕ್ಲೂಜಿನ ಮೋಹಿತೆ ಪಾಟೀಲರು, ದಿಲ್ಲಿಯ ಸೇಖ್ರಿಗಳು, ಇಟಲಿಯ ಸೆಚ್ಚಿಗಳು. ಟಸ್ಕನಿಯ ಪಿಯೆರೊ ಮಾಸಿ ವೈನ್ ತಯಾರಿಕೆಯ ಹೊಣೆ ಹೊತ್ತರು. ಫ್ರಾನ್ಸಿನಿಂದ ಕಸಿ ಸಸಿ ತರಿಸಿ ಮೋಟೇವಾಡಿ, ಗಾರವಾಡ, ನಿಮಗಾವ್‌ಗಳಲ್ಲಿ ಸುಮಾರು 240 ಎಕರೆ ನೆಡಲಾಯಿತು. ತಿನ್ನುವ ದ್ರಾಕ್ಷಿ ಚಪ್ಪರದ ಕೆಳಗೆ ತೂಗಿದರೆ, ಇಲ್ಲಿಯ ಬಳ್ಳಿಗಳು ತಂತಿ ಬೇಲಿಗೆ ಹಬ್ಬಿ ಸಾಲಾಗಿ ನಿಲ್ಲುತ್ತವೆ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ ಮತ್ತು ಒಗರು ಬರುವುದು ಆ ಸಿಪ್ಪೆ-ಬೀಜಗಳಿಂದಲೇ. ರಸದ ಜೊತೆ ಅವನ್ನೂ ಹುದುಗಲು ಬಿಡುತ್ತಾರೆ. ಕಂಪನಿಯ ಹೆಸರಾಂತ ವೈನ್ ಸೆಟ್ಟೆ, ಸ್ಯಾಂಜಿಯೊವೀಸೆ ಮತ್ತು ಕ್ಯಾಬರ್ನೆ ಸೊವಿನ್ಯೋಂ ಎರಡರ ಬೆರಕೆ. ಟಸ್ಕನಿಯ ಕಿಯಾಂತಿ ವೈನಿಗೆ ಜೀವಾಳವಾದ ಸ್ಯಾಂಜಿಯೊವೀಸೆ 16ನೇ ಶತಮಾನದಿಂದಲೂ ಬರಹದಲ್ಲಿ ಸಿಗುವ ತಳಿ. ಚಿಲಿಯೆಜೊಲೊ ಮತ್ತು ಕಲಬ್ರೆಜೆ ದಿ ಮೊಂತೆನುವೊವೊ ಅದರ ತಾಯಿ-ತಂದೆ ಎಂದು 2004ರ ಡಿಎನ್ಎ ಅಧ್ಯಯನವೊಂದು ಹೇಳಿತು.

ಹಳೆಯ ತಳಿ ಉಳಿಸಿಕೊಂಡು ಹೆಸರಾದ ನೆಲಗಳಲ್ಲಿ ದ್ವೀಪಗಳೂ ಇವೆ. ಗ್ರೀಸಿನ ಸ್ಯಾಂಟೊರಿನಿಯಲ್ಲೂ ಅಗ್ನಿಪರ್ವತದ ಮಣ್ಣು, ಅಲ್ಲೂ ಮಳೆ ಅಪರೂಪ. ಅಸಿರ್ತಿಕೊ ಬಳ್ಳಿಯನ್ನು ಗಾಳಿಗೆ ಸಿಗದಂತೆ ನೆಲದ ಮೇಲೆಯೇ ಬುಟ್ಟಿಯಾಗಿ ಹೆಣೆಯುತ್ತಾರೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ನುಂಗಿದ ಫಿಲೊಕ್ಸೆರಾ ಕೀಟ ಆ ಮಣ್ಣಿನಲ್ಲಿ ಬದುಕದ ಕಾರಣ ಅಲ್ಲಿಯ ಬಳ್ಳಿಗಳು ಇನ್ನೂ ಸ್ವಂತ ಬೇರಿನ ಮೇಲಿವೆ. ಅಂಥ ಪಟ್ಟು ದಖ್ಖನಿನ ತಳಿಗಳ ವಿಷಯದಲ್ಲೂ ಬೇಕು. ಪುಣೆ ಬಳಿಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ತಳಿ ಸಂಗ್ರಹ ಕಾಪಾಡುತ್ತಿದೆ. ಸೊಲ್ಲಾಪುರದ ಮಡ್ಡಿಯಲ್ಲಿ ಭೋಕ್ರಿಗೆ ನಾಲ್ಕು ಸಾಲು ಬಿಟ್ಟುಕೊಟ್ಟು, ಅದರ ರಸ ಹುದುಗಿಸಿ ನೋಡುವ ಕೆಲಸ ನಡೆಯಬೇಕು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಸೊಲ್ಲಾಪುರದಿಂದ ಆಗ್ನೇಯಕ್ಕೆ 40 ಕಿ.ಮೀ. ಸುಮಾರಿನ ಅಕ್ಕಲಕೋಟೆ ಸ್ವಾಮಿ ಸಮರ್ಥರ ಕ್ಷೇತ್ರ, ಹಿಂದೆ ಭೋಸಲೆ ಮನೆತನದ ಸಂಸ್ಥಾನ. ತಾಲ್ಲೂಕಿನ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಗಡಿ ವಿವಾದ ಕುರಿತ 1967ರ ಮಹಾಜನ್ ಆಯೋಗದ ವರದಿ ಈ ತಾಲ್ಲೂಕನ್ನು ಇಂದಿನ ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಇಲ್ಲಿ ಜೋಳ, ತೊಗರಿ ಮುಂದೆ. ದ್ರಾಕ್ಷಿ ನೀರಿನ ಆಸರೆ ಇದ್ದಲ್ಲಿ ಮಾತ್ರ. ಭೀಮೆ ದಾಟಿದರೆ ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ವಿಜಯಪುರ ಜಿಲ್ಲೆ. ನಾನ್ನಜ್‌ನ ಸೋನಾಕಾ ಅಲ್ಲಿಯೂ ಬೇರೂರಿದೆ. ಅಲ್ಲಿಯ ಫಸಲಿನ ದೊಡ್ಡ ಪಾಲು ಒಣದ್ರಾಕ್ಷಿಗೆ ಹೋಗುತ್ತದೆ: ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನ ಬಲೆಗಳ ಮೇಲೆ ಹರಡಿ, ಎರಡು ವಾರದ ಸುಮಾರಿಗೆ ಒಣಗಿಸುತ್ತಾರೆ. 2007ರ ಕರ್ನಾಟಕ ವೈನ್ ನೀತಿ ಕೃಷ್ಣಾ ಕಣಿವೆಯನ್ನೂ ವೈನ್ ವಲಯವೆಂದು ಗುರುತಿಸಿತು.

ತೋಟ ನೋಡಲು ಸರಿಯಾದ ಕಾಲ ಜನವರಿಯಿಂದ ಮಾರ್ಚ್. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುವ ಹೊತ್ತಿಗೆ ಕಾಯಿ ಸಿಹಿಗೂಡಲು ಆರಂಭವಾಗಿರುತ್ತದೆ, ಅಕ್ಲೂಜ್ ಕಡೆ ವೈನ್ ದ್ರಾಕ್ಷಿಯ ಕೊಯ್ಲೂ ಆಗಲೇ ಶುರು.