ಮೊದಲು ಮನೆ, ಆಮೇಲೆ ನಾಡು, ಕೊನೆಗೆ ಹೊರದೇಶ

ಚಿಂತಾಮಣಿಯ ಬಸ್ ನಿಲ್ದಾಣದಲ್ಲೋ ಗೌರಿಬಿದನೂರಿನ ರೈಲ್ವೆ ಪ್ಲಾಟ್‌ಫಾರಂನಲ್ಲೋ ಬಟ್ಟೆ ಸುತ್ತಿದ ಕೂಸೊಂದು ಸಿಕ್ಕಿತು ಎನ್ನಿ. ಜನ ಸೇರುತ್ತಾರೆ, ಯಾರೋ ಹಾಲು ತರುತ್ತಾರೆ. ಮಕ್ಕಳಿಲ್ಲದ ದಂಪತಿ ಇದ್ದರೆ ‘ನಮಗೇ ಕೊಟ್ಟುಬಿಡಿ, ಸಾಕಿಕೊಳ್ತೀವಿ’ ಎಂದು ಕೈಚಾಚುವುದೂ ಉಂಟು. ಪ್ರೀತಿಯಿಂದಲೇ ಕೇಳಿದರೂ ಹಾಗೆ ಕೊಡುವಂತಿಲ್ಲ, ಛಾಪಾ ಕಾಗದದ ಮೇಲೆ ಬರೆಸಿಕೊಂಡು ಇಟ್ಟುಕೊಳ್ಳುವಂತೆಯೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 24 ಗಂಟೆಯೊಳಗೆ ಪೊಲೀಸರಿಗೋ 1098 ಸಹಾಯವಾಣಿಗೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಲ್ಲಿಂದ ಮಗು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಿತಿಯ ಮೊದಲ ಕೆಲಸ ಹೆತ್ತವರನ್ನು ಹುಡುಕುವುದು. ದಿನಪತ್ರಿಕೆಯ ಮೂಲೆಯಲ್ಲಿ ಎಳೆ ಮಗುವಿನ ಭಾವಚಿತ್ರ ಹಾಕಿ, ಸಿಕ್ಕ ಜಾಗ, ದಿನ, ಮೈಬಣ್ಣ, ಮಚ್ಚೆಯ ಗುರುತು ಬರೆದು ‘ಸಂಬಂಧಪಟ್ಟವರು ಸಂಪರ್ಕಿಸಬೇಕು’ ಎಂದು ಪ್ರಕಟಣೆ ಬರುತ್ತದಲ್ಲ, ಅದು ಈ ಹುಡುಕಾಟದ್ದು. ಯಾರೂ ಬಾರದಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವನ್ನು ನಾಲ್ಕು ತಿಂಗಳಲ್ಲಿ ದತ್ತು ಕೊಡಲು ಮುಕ್ತವೆಂದು ಸಮಿತಿ ಘೋಷಿಸುತ್ತದೆ. ಸಾಕಲಾರದ ತಾಯಿಯೇ ಬಂದು ಒಪ್ಪಿಸಿದರೂ ಅವಳ ಮನಸ್ಸು ಬದಲಾಗಬಹುದೆಂದು ಎರಡು ತಿಂಗಳ ಕಾಲಾವಕಾಶ ಇದೆ.

ಇಷ್ಟೆಲ್ಲ ಕಟ್ಟುಪಾಡು ಏಕೆ? ಹಿಂದೆ ಇವು ಯಾವುವೂ ಇರಲಿಲ್ಲ.

1970ರ ಮೇ 1ರಂದು ಉಡುಪಿಯ ಲೊಂಬಾರ್ಡ್ ಮಿಷನ್ ಆಸ್ಪತ್ರೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ವಿಧವೆಯಾಗಿದ್ದ ತಾಯಿ ಒಳ್ಳೆಯ ಮನೆಗೆ ಸೇರಿಸಿ ಎಂದು ಕೇಳಿಕೊಂಡು ಕೂಸನ್ನು ವೈದ್ಯರ ಕೈಗಿತ್ತಳು. ಸ್ವಿಟ್ಜರ್ಲೆಂಡಿನ ಗುಗ್ಗರ್ ದಂಪತಿ ಅದನ್ನು ಮಡಿಲಿಗೆ ಹಾಕಿಕೊಂಡರು. ಆ ಮಗುವೇ ನಿಕ್ಲಾಸ್ ಸ್ಯಾಮ್ಯುಯೆಲ್ ಗುಗ್ಗರ್, 2017ರಲ್ಲಿ ಸ್ವಿಸ್ ಸಂಸತ್ತು ಪ್ರವೇಶಿಸಿದ ಭಾರತ ಮೂಲದ ಮೊದಲ ವ್ಯಕ್ತಿ. ತಮ್ಮ ಹುಟ್ಟಿನ ಕಥೆಯನ್ನು ಅವರು ಎಲ್ಲಿಯೂ ಮುಚ್ಚಿಡಲಿಲ್ಲ. ಹೆತ್ತ ತಾಯಿಯ ಹೆಸರನ್ನೇ ಮಗಳಿಗೆ ಇಟ್ಟರು.

ಗುಗ್ಗರ್ ಅವರಿಗೆ ಒಳ್ಳೆಯ ಮನೆ ಸಿಕ್ಕಿತು, ತಾಯಿ ಯಾರೆಂಬುದೂ ತಿಳಿದಿತ್ತು. ಆ ಕಾಲದಲ್ಲಿ ಇದಕ್ಕೆ ಯಾವ ಖಾತರಿಯೂ ಇರಲಿಲ್ಲ. ವಿದೇಶಿಯರು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಪೋಷಕರೆನಿಸಿಕೊಂಡು ಮಗುವನ್ನು ಕರೆದೊಯ್ದು, ದತ್ತು ವಿಧಿಯನ್ನು ತಮ್ಮ ದೇಶದಲ್ಲಿ ಪೂರೈಸುತ್ತಿದ್ದರು. ಹೋದ ಮಗು ಹೇಗಿದೆ ಎಂದು ಕೇಳುವವರಿರಲಿಲ್ಲ. ಈ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿತು. 1984ರ ಫೆಬ್ರುವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ನೀಡಿದ ತೀರ್ಪು ಸರದಿಯೊಂದನ್ನು ಗೊತ್ತುಮಾಡಿತು: ಮಗುವಿಗೆ ಮೊದಲು ಹೆತ್ತವರ ಮನೆ, ಅದು ಸಾಧ್ಯವಿಲ್ಲದಿದ್ದರೆ ದೇಶದೊಳಗೇ ದತ್ತು, ಅದೂ ಆಗದಿದ್ದರೆ ಮಾತ್ರ ಹೊರದೇಶ. 1990ರಲ್ಲಿ ಕೇಂದ್ರೀಯ ದತ್ತು ಪ್ರಾಧಿಕಾರ ‘ಕಾರಾ’ ಹುಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು.

ನಿಯಮ ಬಂದ ಮಾತ್ರಕ್ಕೆ ದಂಧೆ ನಿಲ್ಲಲಿಲ್ಲ. ಬಾಗೇಪಲ್ಲಿ, ಗೌರಿಬಿದನೂರಿನ ಗಡಿಗೆ ಅಂಟಿಕೊಂಡಿದ್ದ ಅವಿಭಜಿತ ಆಂಧ್ರದಲ್ಲಿ 1999 ಮತ್ತು 2001ರಲ್ಲಿ ಲಂಬಾಣಿ ತಾಂಡಾಗಳ ಹೆಣ್ಣು ಕೂಸುಗಳನ್ನು ಪುಡಿಗಾಸಿಗೆ ಕೊಂಡು ದತ್ತಿಗೆ ಸಾಗಿಸುತ್ತಿದ್ದ ಜಾಲ ಬಯಲಾಯಿತು. ಚೆನ್ನೈನ ಕೊಳೆಗೇರಿಗಳಿಂದ ಕದ್ದ ಮಕ್ಕಳು ‘ಅನಾಥ’ರೆಂಬ ಕಾಗದ ಹೊತ್ತು ಹೊರದೇಶ ಸೇರಿದ್ದು 2005ರಲ್ಲಿ ಬೆಳಕಿಗೆ ಬಂತು. ಹೆತ್ತವರು ಬದುಕಿದ್ದರು, ಮಗುವನ್ನು ಹುಡುಕುತ್ತಲೇ ಇದ್ದರು.

ಮಕ್ಕಳನ್ನು ಪಡೆಯುತ್ತಿದ್ದ ದೇಶಗಳೂ ಕಳುಹಿಸುತ್ತಿದ್ದ ದೇಶಗಳೂ ಈಗ ಹಳೆಯ ಕಡತ ತೆರೆಯುತ್ತಿವೆ. ನೆದರ್‌ಲೆಂಡ್ಸ್ 2021ರಲ್ಲಿ ಹೊರದೇಶದ ದತ್ತನ್ನು ತಡೆಹಿಡಿಯಿತು. ಚೀನಾ 2024ರಲ್ಲಿ ಬಹುತೇಕ ಬಾಗಿಲು ಹಾಕಿತು. ದಕ್ಷಿಣ ಕೊರಿಯಾದಲ್ಲಿ ಸುಳ್ಳು ದಾಖಲೆ ಸೃಷ್ಟಿಸಿ ಮಕ್ಕಳನ್ನು ಕಳುಹಿಸಿದ್ದನ್ನು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು.

ಭಾರತದಲ್ಲೂ ಲೆಕ್ಕ ತಿರುಗಿದೆ. 2024-25ರಲ್ಲಿ ಕಾರಾ ಮೂಲಕ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ. ಅರ್ಜಿ ಹಾಕಿ ಕಾಯುತ್ತಿರುವ ದಂಪತಿಗಳು ಹತ್ತಾರು ಸಾವಿರ. ಆದರೆ ಹೆಚ್ಚಿನವರು ಕೇಳುವುದು ಆರೋಗ್ಯವಂತ ಎಳೆ ಕೂಸನ್ನು. ಆರು ದಾಟಿದ ಮಗು, ಅಂಗವೈಕಲ್ಯವಿರುವ ಮಗು, ಕೈಬಿಡದೆ ಒಟ್ಟಿಗಿರುವ ಅಕ್ಕ-ತಮ್ಮ, ಇಂಥವರಿಗೆ ಇಲ್ಲಿ ಮನೆ ಸಿಗುವುದು ಕಷ್ಟ. ಇವರಲ್ಲಿ ಹಲವರಿಗೆ ಮಡಿಲು ಸಿಗುವುದು ಹೊರದೇಶದಲ್ಲಿ. ಹಾಗಾಗಿ ಆ ಬಾಗಿಲನ್ನು ಪೂರ್ತಿ ಮುಚ್ಚುವುದೂ ನ್ಯಾಯವಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಮಗು ಹೊರದೇಶಕ್ಕೆ ಹೋದ ಮೇಲೂ ಎರಡು ವರ್ಷ ಅದರ ಯೋಗಕ್ಷೇಮದ ವರದಿ ಬರಬೇಕು. ಬೆಳೆದು ದೊಡ್ಡವರಾದವರು ತಮ್ಮ ಬೇರು ಹುಡುಕಿಕೊಂಡು ಬರಲು ಕಾರಾ ನಿಯಮದಲ್ಲೇ ಅವಕಾಶವಿದೆ.

ಚಿಕ್ಕಬಳ್ಳಾಪುರ ಸೀಮೆಯ ಮಟ್ಟಿಗೆ ಸರದಿಯ ಮೊದಲ ಮೆಟ್ಟಿಲೇ ದೊಡ್ಡ ಸವಾಲು: ಮಗು ಮನೆಯಿಂದ ಕಳಚಿಕೊಳ್ಳದಂತೆ ನೋಡಿಕೊಳ್ಳುವುದು. ರೇಷ್ಮೆ ಇಲ್ಲಿಯ ಅನ್ನ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ನೂಲು ಬಿಚ್ಚುವ ಘಟಕಗಳಿಗೆ ಹೋಗುತ್ತದೆ. ಅಲ್ಲಿ ಗೂಡು ಬೇಯಿಸಿ, ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ರಾಜ್ಯದ ರೇಷ್ಮೆ ಕೇಂದ್ರಗಳಲ್ಲಿ ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಿ, ಅವರ ಅಂಗೈ ಬೊಬ್ಬೆಯೆದ್ದಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಜಗತ್ತಿಗೆ ತಿಳಿಸಿತು, 2003ರಲ್ಲಿ ಮತ್ತೊಮ್ಮೆ ವರದಿ ಮಾಡಿತು. ಅಪ್ಪ ಅಮ್ಮ ಪಡೆದ ಮುಂಗಡ ತೀರುವವರೆಗೂ ಮಗುವಿಗೆ ಬಿಡುಗಡೆ ಇರಲಿಲ್ಲ. ಈಗ ಸ್ವಯಂಚಾಲಿತ ಯಂತ್ರಗಳು ಬಂದಿವೆ. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನವರನ್ನು ಯಾವ ಘಟಕದಲ್ಲೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಆದರೂ ದುಡಿಯುವ ಅಪ್ಪ ತೀರಿಕೊಂಡ ಮನೆಗೆ ಸಾಲಗಾರರು ಬರುವುದು ತಪ್ಪಿಲ್ಲ. ಆಗ ಶಾಲೆ ಬಿಡುವುದು, ಹಾಸ್ಟೆಲ್ ಸೇರುವುದು, ಯಾರದೋ ಮನೆಗೆಲಸಕ್ಕೆ ಹೋಗುವುದು ಮಗುವಿನ ಪಾಲಿಗೆ ಬರುತ್ತದೆ.

ಇಂಥ ಮನೆಗಳಿಗೆಂದೇ ಕೇಂದ್ರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ನೆರವಿದೆ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗಂಡನನ್ನು ಕಳೆದುಕೊಂಡ ತಾಯಿ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ, ವಾಸಿಯಾಗದ ಕಾಯಿಲೆಗೆ ಬಿದ್ದ ತಂದೆ ಇರುವ ಕುಟುಂಬಗಳು ಇದಕ್ಕೆ ಅರ್ಹ. ವರ್ಷದ ಆದಾಯ ಹಳ್ಳಿಯಲ್ಲಿ 72 ಸಾವಿರ, ಪಟ್ಟಣದಲ್ಲಿ 96 ಸಾವಿರ ಮೀರಿರಬಾರದು. ಹೂವಿನ ತೋಟದಲ್ಲಿ, ಟೊಮೆಟೊ ಮಂಡಿಯಲ್ಲಿ ದಿನಗೂಲಿ ಮಾಡುವ ಹೆಂಗಸಿಗೆ ಈ ಹಣ ಮಗುವನ್ನು ಮಡಿಲಲ್ಲೇ ಉಳಿಸಿಕೊಳ್ಳುವ ಬಲ.

ಆದರೆ ಯೋಜನೆಯ ಹೆಸರು ಅವಳ ಕಿವಿಗೆ ಬೀಳಬೇಕು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆ ಅದಕ್ಕೆ ತಕ್ಕ ವೇದಿಕೆ. ಈ ವರ್ಷ ಯಾವ ಮನೆಯಲ್ಲಿ ಅಪ್ಪ ಇಲ್ಲವಾದ, ಯಾವ ಮಗು ಶಾಲೆಯ ಹಾಜರಿಯಿಂದ ಜಾರಿತು ಎಂಬುದು ಅಂಗನವಾಡಿ ಕಾರ್ಯಕರ್ತೆಗೂ ಮೇಷ್ಟರಿಗೂ ಗೊತ್ತಿರುತ್ತದೆ. ಆ ಹೆಸರುಗಳನ್ನು ಸಭೆಯ ಹೊತ್ತಿಗೆ ಪಟ್ಟಿ ಮಾಡಿ, ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮಾಡಿಸಿಕೊಡಲು ನೆರವಾಗಿ, ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಲುಪಿಸುವ ಹೊಣೆಯನ್ನು ಪಂಚಾಯಿತಿಯೇ ಹೊರಬೇಕು.